ಪುಟ್ಟಣ್ಣನ ಪಟಕ್ಕೆ ಹಾರ ಸಾಕು, ಪಾಠಕ್ಕೆ ಕೂರಿ!

ಕನ್ನಡದ ಹುಡುಗರೇ, ಹುಡುಗಿಯರೇ,

ನಿಮ್ಮಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಇಬ್ಬರಾದರೂ ‘ಸಿನಿಮಾ ಮಾಡಬೇಕು’ ಅನ್ನುತ್ತೀರಿ. ಸಂತೋಷ. ಯಾರ ಹಾಗೆ ಎಂದು ಕೇಳಿದರೆ ಸ್ಪೀಲ್‌ಬರ್ಗ್, ಟರಂಟಿನೋ, ನೋಲನ್, ಮಣಿರತ್ನಂ ಎಂದು ಹೆಸರುಗಳು ಪಟಪಟನೆ ಉದುರುತ್ತವೆ. ಅದೂ ಸರಿಯೇ. ಒಳ್ಳೆಯದು ಎಲ್ಲಿದ್ದರೂ ನೋಡಬೇಕು. ಆದರೆ ಆ ಮಣಿರತ್ನಂ ತಮ್ಮ ಮೊದಲ ಚಿತ್ರ ಮಾಡಿದ್ದು ಕನ್ನಡದಲ್ಲಿ, 1983ರ ‘ಪಲ್ಲವಿ ಅನುಪಲ್ಲವಿ’ ಎಂದರೆ ಕಣ್ಣರಳಿಸುತ್ತೀರಿ. ‘ಶರಪಂಜರ’ ನೋಡಿದ್ದೀರಾ ಎಂದರೆ ಮುಖ ಮುಖ ನೋಡಿಕೊಳ್ಳುತ್ತೀರಿ. ‘ನಮ್ಮಮ್ಮ ನೋಡಿದ್ದಾರೆ ಸಾರ್’ ಅನ್ನುತ್ತೀರಿ.

ಡಿಸೆಂಬರ್ 1 ಬಂದರೆ ಪುಟ್ಟಣ್ಣ ಕಣಗಾಲರ ಫೋಟೋಕ್ಕೆ ಹಾರ ಬೀಳುತ್ತದೆ. ಮೊಬೈಲಿನಲ್ಲಿ ‘ಚಿತ್ರಬ್ರಹ್ಮ’ ಎಂಬ ಸ್ಟೇಟಸ್ ಏರುತ್ತದೆ. ಮರುದಿನ ಹಾರ ಬಾಡುತ್ತದೆ, ಸ್ಟೇಟಸ್ ಅಳಿಯುತ್ತದೆ. ಇದು ಅಭಿಮಾನ ನಿಜ. ಆದರೆ ವಿದ್ಯೆಯಲ್ಲ.

ವಿದ್ಯೆ ಕಲಿತವರು ಯಾರು ಗೊತ್ತೇ? ತಮಿಳಿನ ಭಾರತಿರಾಜ. ಪುಟ್ಟಣ್ಣನ ಕೈಕೆಳಗೆ ಸಹಾಯಕರಾಗಿ ದುಡಿದ ಆ ಮನುಷ್ಯ 1977ರಲ್ಲಿ ‘ಪದಿನಾರು ವಯದಿನಿಲೆ’ ಮಾಡಿ ತಮಿಳು ಸಿನಿಮಾವನ್ನು ಸ್ಟುಡಿಯೋದಿಂದ ಹಳ್ಳಿಯ ಬಯಲಿಗೆ ಎಳೆದು ತಂದರು. ಅವರ ಬಳಿ ಭಾಗ್ಯರಾಜ್ ಕಲಿತರು. ಇದಕ್ಕೆ ತಮಿಳರನ್ನು ದೂರಬೇಡಿ. ನಮ್ಮ ಹಿತ್ತಲ ಬಾವಿಯ ನೀರನ್ನು ಪಕ್ಕದ ಮನೆಯವರು ಶ್ರಮಪಟ್ಟು ಸೇದಿಕೊಂಡರು. ನಾವು ಬಾವಿಗೆ ಪೂಜೆ ಮಾಡಿ, ಬಾಟಲಿ ನೀರು ಕೊಳ್ಳುತ್ತಿದ್ದೇವೆ!

ಪುಟ್ಟಣ್ಣನೂ ಆಕಾಶದಿಂದ ಇಳಿದವರಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನ ಹುಡುಗ ಬಿ. ಆರ್. ಪಂತುಲು ಅವರ ಸಹಾಯಕನಾಗಿ ಕೆಲಸ ಕಲಿತು, 1967ರಲ್ಲಿ ‘ಬೆಳ್ಳಿಮೋಡ’ ಕೊಟ್ಟ. ಗುರುವಿನಿಂದ ಶಿಷ್ಯನಿಗೆ ಹರಿದು ಬಂದ ಕಸುಬು ಅದು. ನಿಮಗೆ ಇಂದು ಪಂತುಲು ಸಿಗುವುದಿಲ್ಲ, ಪುಟ್ಟಣ್ಣ ಸಿಗುವುದಿಲ್ಲ. ಅವರ ಚಿತ್ರಗಳು ಸಿಗುತ್ತವೆ. ಚಿತ್ರವನ್ನೇ ಗುರು ಮಾಡಿಕೊಳ್ಳಿ. ಹೇಗೆ? ಕೇಳಿ.

ಒಂದು. 1971ರ ‘ಶರಪಂಜರ’ವನ್ನು ಮೂರು ಸಲ ನೋಡಿ. ಮೊದಲ ಸಲ ಕಥೆಗಾಗಿ. ಎರಡನೆಯ ಸಲ ಸದ್ದು ಪೂರ್ತಿ ಬಂದ್ ಮಾಡಿ. ಮೂರನೆಯ ಸಲ ಕಾಗದ, ಪೆನ್ನು ಹಿಡಿದು. ಶಾಟ್ ಬದಲಾದಾಗಲೆಲ್ಲ ಒಂದು ಗೀಟು ಎಳೆಯಿರಿ. ಹುಚ್ಚು ವಾಸಿಯಾಗಿ ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಮನೆ ಅದೇ, ಜನ ಅವರೇ, ನೋಡುವ ಕಣ್ಣು ಮಾತ್ರ ಬೇರೆ. ಆ ಅನುಮಾನವನ್ನು ತೋರಿಸಲು ಕ್ಯಾಮೆರಾ ಎಲ್ಲಿ ನಿಂತಿದೆ? ಯಾರ ಮುಖಕ್ಕೆ ಹತ್ತಿರ ಹೋಗಿದೆ, ಯಾರನ್ನು ದೂರ ಇಟ್ಟಿದೆ? ಕಲ್ಪನಾ ಮಾತಾಡುವಾಗ ಎದುರಿಗಿರುವವರ ಮುಖಕ್ಕೆ ಯಾವ ಗಳಿಗೆಯಲ್ಲಿ ಕಟ್ ಆಗುತ್ತದೆ? ಬರೆದುಕೊಳ್ಳಿ. ಹತ್ತು ಪುಟ ತುಂಬುವಷ್ಟರಲ್ಲಿ ನಿರ್ದೇಶನ ಎಂದರೆ ‘ಆಕ್ಷನ್, ಕಟ್’ ಎಂದು ಕೂಗುವುದಲ್ಲ ಎಂಬುದು ತಲೆಗೆ ಹೋಗುತ್ತದೆ.

ಎರಡು. ಕಾದಂಬರಿಯ ಪಕ್ಕ ಚಿತ್ರವನ್ನು ಇಟ್ಟು ನೋಡಿ. 1972ರ ‘ನಾಗರಹಾವು’ ತ.ರಾ.ಸು. ಅವರ ಒಂದು ಕಾದಂಬರಿಯಲ್ಲ, ಮೂರು ಕಾದಂಬರಿ ಸೇರಿದ್ದು. ಪುಟ್ಟಣ್ಣ ಏನು ಉಳಿಸಿಕೊಂಡರು, ಏನು ಬಿಟ್ಟರು? ರಾಮಾಚಾರಿಯ ಸಿಟ್ಟಿಗೆ ಚಿತ್ರದುರ್ಗದ ಬಂಡೆಗಳನ್ನು ಹೇಗೆ ಜೊತೆಗಿಟ್ಟರು? ಚಿತ್ರಕಥೆಯ ಪಾಠ ಇಲ್ಲಿದೆ. ತ್ರಿವೇಣಿ, ಎಂ. ಕೆ. ಇಂದಿರಾ, ಭಾರತೀಸುತ ಇವರನ್ನೆಲ್ಲ ಓದಿಯೇ ಪುಟ್ಟಣ್ಣ ಪುಟ್ಟಣ್ಣನಾದದ್ದು. ಕನ್ನಡ ಓದಲು ಬೇಸರ, ಕನ್ನಡ ಸಿನಿಮಾ ಮಾಡಲು ಆಸೆ ಎಂದರೆ ಆದೀತೆ?

ಮೂರು. ನೋಡುವ ಮೊದಲು ನೀವೇ ಬರೆಯಿರಿ. ಸತ್ಯಜಿತ್ ರಾಯ್ ಕಲ್ಕತ್ತೆಯ ಜಾಹೀರಾತು ಕಂಪನಿಯಲ್ಲಿದ್ದಾಗ ಇದನ್ನೇ ಮಾಡುತ್ತಿದ್ದರು. ಯಾವುದಾದರೂ ಕಥೆ ಸಿನಿಮಾ ಆಗುತ್ತದೆಂದು ಗೊತ್ತಾದರೆ ಅದಕ್ಕೆ ತಾವೇ ಚಿತ್ರಕಥೆ ಬರೆದಿಟ್ಟು, ಚಿತ್ರ ಬಂದ ಮೇಲೆ ಹೋಲಿಸಿ ನೋಡುತ್ತಿದ್ದರು. ನೀವು ತ್ರಿವೇಣಿಯ ‘ಬೆಳ್ಳಿಮೋಡ’ ಓದಿ. ಒಂದು ಅಧ್ಯಾಯಕ್ಕೆ ಚಿತ್ರಕಥೆ ಬರೆಯಿರಿ. ಆಮೇಲೆ ಪುಟ್ಟಣ್ಣನದನ್ನು ನೋಡಿ. ನಾಚಿಕೆಯಾಗುತ್ತದೆ. ಆಗಲಿ. ಆ ನಾಚಿಕೆಯೇ ಮೊದಲ ಪಾಠ.

ಹಾಗಾದರೆ ಹೊರಗಿನವರನ್ನು ನೋಡಲೇಬಾರದೇ? ಯಾರು ಹೇಳಿದರು! ಜಪಾನಿನ ಕುರೊಸಾವಾನನ್ನು ಮೆಚ್ಚಿದ ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಕತ್ತಿ ಹಿಡಿಯುವ ಹುರುಪು ಅಲ್ಲಿಂದ ಬಂತು. ಮಣ್ಣು ಮಾತ್ರ ಹೊಯ್ಸಳರ ಕಾಲದ ಕನ್ನಡ ನಾಡಿನದು. ಗಂಡುಗಲಿಯಾಗಿ ಶಂಕರ್‌ನಾಗ್ ಕುದುರೆ ಏರಿದ್ದು ಆ ಚಿತ್ರದಲ್ಲೇ. ಗಿರೀಶ ಕಾಸರವಳ್ಳಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಜಗತ್ತಿನ ಸಿನಿಮಾ ಅರೆದು ಕುಡಿದರು. ಬಂದು ಮಾಡಿದ್ದು ಅನಂತಮೂರ್ತಿಯವರ ಕಥೆ, 1977ರ ‘ಘಟಶ್ರಾದ್ಧ’. ಮೊನ್ನೆ ಮೊನ್ನೆ 2024ರಲ್ಲಿ ಅದೇ ಪುಣೆಯಲ್ಲಿ ಓದಿದ ಮೈಸೂರಿನ ಚಿದಾನಂದ ನಾಯ್ಕ್, ಕೋಳಿ ಕದ್ದ ಅಜ್ಜಿಯ ನಮ್ಮ ಜನಪದ ಕಥೆಯನ್ನು ಕಿರುಚಿತ್ರ ಮಾಡಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದರು. ಅಜ್ಜಿ ಹೇಳುತ್ತಿದ್ದ ಕಥೆ ಫ್ರಾನ್ಸಿನಲ್ಲಿ ಗೆದ್ದಿತು!

ಇವರೆಲ್ಲ ಹೊರಗಿನಿಂದ ಕಸುಬು ತಂದರು, ಕಥೆ ಕದಿಯಲಿಲ್ಲ. ನಮ್ಮ ರೀಮೇಕ್ ಶೂರರು ವರ್ಷಗಟ್ಟಲೆ ಮಾಡಿದ್ದು ಇದರ ತಿರುಗಾಮುರುಗಾ. ಸಿ.ಡಿ. ನೋಡಿಕೊಂಡು ಶಾಟ್‌ಗೆ ಶಾಟ್ ಇಳಿಸಿದರು. ಕಲಿಯುವುದಕ್ಕೂ ಕಾಪಿ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಪರೀಕ್ಷೆ ಬರೆದ ನಿಮಗೆ ನಾವು ಹೇಳಬೇಕೆ?

ಇದೆಲ್ಲ ಈಗ ಯಾಕೆ ಎಂದು ಕೇಳಬಹುದು. ಡಬ್ಬಿಂಗ್ ಬೇಕೇ ಬೇಡವೇ ಎಂದು ಕನ್ನಡಿಗರಲ್ಲೇ ಎರಡು ಬಣಗಳಿದ್ದವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಗೆ ದಂಡ ಹಾಕಿತು. ಗೋಡೆ ಬಿತ್ತು. ಇನ್ನು ಗೋಡೆಯ ಹಿಂದೆ ನಿಂತು ಕನ್ನಡ ಚಿತ್ರ ಉಳಿಸುತ್ತೇವೆಂಬ ಮಾತು ನಡೆಯುವುದಿಲ್ಲ. ಎದುರಿನ ಚಿತ್ರಕ್ಕಿಂತ ನಮ್ಮದು ಚೆನ್ನಾಗಿರಬೇಕು, ಅಷ್ಟೇ. ಥಿಯೇಟರ್ ಮುಂದೆ ಧರಣಿ ಕೂತರೆ ಪರದೆ ಸಿಕ್ಕೀತು. ಪರದೆಯ ಮೇಲೆ ಏನು ಹಾಕುತ್ತೀರಿ?

ಸರ್ಕಾರಕ್ಕೂ ಒಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ನಮಗೆ ಉಳಿದಿಲ್ಲ. ‘ಘಟಶ್ರಾದ್ಧ’ದ ನೆಗೆಟಿವ್ ಉಳಿದಿದ್ದರಿಂದ ಅದಕ್ಕೆ ಹೊಸ ಜೀವ ಬಂದು, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲಾಯಿತು. ಪುಟ್ಟಣ್ಣನ ಹೆಸರಿನಲ್ಲಿ ಪ್ರಶಸ್ತಿ ಕೊಟ್ಟರೆ ಸಾಲದು. ಅವರ ಒಂದೊಂದು ಚಿತ್ರವೂ ಚೊಕ್ಕವಾಗಿ ಕಾಲೇಜು ಹುಡುಗರ ಕೈಗೆ ಸಿಗಬೇಕು.

ನಮ್ಮ ಸಂಘಟನೆಗಳಿಗೂ ಹೇಳುತ್ತೇವೆ, ನಮ್ಮನ್ನೂ ಸೇರಿಸಿಕೊಂಡು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ, ಫ್ಲೆಕ್ಸು, ಪಟಾಕಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪರದೆ ಕಟ್ಟಿ ‘ಗೆಜ್ಜೆಪೂಜೆ’ ತೋರಿಸಲು ನಮಗೇನು ಧಾಡಿ? ಬೀದಿಗೊಂದು ಬಾವುಟ ಕಂಬ ನೆಟ್ಟವರು ಬೀದಿಗೊಂದು ಪ್ರದರ್ಶನ ಮಾಡಲಾರೆವೆ?

ಹುಡುಗರೇ, ನಿಮ್ಮ ಜೇಬಿನ ಫೋನಿನಲ್ಲೇ ಕ್ಯಾಮೆರಾ ಇದೆ. ನಿಮ್ಮ ಬೀದಿಯಲ್ಲೇ ಕಥೆ ಇದೆ. ಮುಂದಿನ ನವೆಂಬರಿಗೆ ನಮ್ಮ ವೇದಿಕೆಗೆ ಬರುವಾಗ ಐದು ನಿಮಿಷದ್ದಾದರೂ ಸರಿ, ನಿಮ್ಮದೇ ಕನ್ನಡ ಚಿತ್ರ ಹಿಡಿದು ಬನ್ನಿ. ಬಾವುಟ ನಾವು ಹಿಡಿಯುತ್ತೇವೆ. ಕ್ಯಾಮೆರಾ ನೀವು ಹಿಡಿಯಿರಿ.

ಸಿರಿಗನ್ನಡಂ ಗೆಲ್ಗೆ!

– ಸಂಪಾದಕ