ಗುಮಾಸ್ತಿಕೆ ಕೀಳಲ್ಲ, ಟಾರ್ಗೆಟ್ ಗುಲಾಮಗಿರಿ ಮೇಲಲ್ಲ!

ಬಿ.ಕಾಂ. ಮುಗಿಸಿದ ಕನ್ನಡದ ಹುಡುಗ ಹುಡುಗಿಯರೇ, ಕೊರಳಿಗೆ ಟೈ ಕಟ್ಟಿದ ಕೂಡಲೇ ಬ್ಯಾಂಕರ್ ಆಗಿಬಿಟ್ಟೆವೆಂದು ನಂಬಿದ್ದೀರಾ? ಹಾಗಾದರೆ ಈ ಮಾತು ನಿಮಗೇ!

ಹಣಕಾಸು ಕ್ಷೇತ್ರದ ಹೊಸ್ತಿಲಲ್ಲಿ ನಿಂತ ಪದವೀಧರನಿಗೆ ಇಂದು ಮುಖ್ಯವಾಗಿ ಮೂರು ದಾರಿ. ಒಂದು, ಖಾಸಗಿ ಬ್ಯಾಂಕು, ವಿಮೆ, ಸಾಲದ ಕಂಪನಿಗಳ ಸೇಲ್ಸ್. ಎರಡು, ವಿದೇಶಿ ಬ್ಯಾಂಕುಗಳ ಲೆಕ್ಕಪತ್ರ ನೋಡುವ ಬ್ಯಾಕ್ ಆಫೀಸು. ಮೂರು, ಐ.ಬಿ.ಪಿ.ಎಸ್. ಪರೀಕ್ಷೆ ಬರೆದು ಸರ್ಕಾರಿ ಬ್ಯಾಂಕಿನ ಕೌಂಟರು. ಬೆಂಗಳೂರಿನ ನಮ್ಮ ಹುಡುಗರು ಮೊದಲಿನ ಎರಡಕ್ಕೆ ಮುಗಿಬೀಳುತ್ತಾರೆ. ಮೂರನೆಯದರ ಮಾತೆತ್ತಿದರೆ ಮೂಗು ಮುರಿಯುತ್ತಾರೆ: 'ಛೇ, ಕ್ಲರ್ಕ್ ಕೆಲಸಾನಾ?'

ಹೆಸರು ಆಫೀಸರ್, ಕೆಲಸ ಅಲೆದಾಟ

ಆರ್ಡರಿನಲ್ಲಿ 'ರಿಲೇಶನ್‌ಶಿಪ್ ಆಫೀಸರ್' ಎಂದಿರುತ್ತದೆ. ಕೆಲಸವೇನು? ಖಾತೆ ತೆರೆಸಬೇಕು, ಕಾರ್ಡು ದಾಟಿಸಬೇಕು, ವಿಮೆ ಅಂಟಿಸಬೇಕು. ಟಾರ್ಗೆಟ್ ಮುಟ್ಟದಿದ್ದರೆ ಎಲ್ಲರೆದುರು ಮಂಗಳಾರತಿ. ಕೊನೆಗೆ ಸೋದರಮಾವನಿಗೆ, ಚಿಕ್ಕಪ್ಪನಿಗೆ ಪಾಲಿಸಿ ಮಾರಿ ನೆಂಟಸ್ತಿಕೆಯನ್ನೂ ಕೆಡಿಸಿಕೊಳ್ಳುವುದು! ಸಿ.ಟಿ.ಸಿ. ಅಂಕಿ ನೋಡಿ ಮನೆಯವರು ಹಿಗ್ಗುತ್ತಾರೆ. ಆ ಅಂಕಿಯೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿ ಇರುತ್ತದೆ, ಎಂದೋ ಸಿಗುವ ಗ್ರಾಚ್ಯುಟಿ ಇರುತ್ತದೆ, ಸಿಕ್ಕರೆ ಸಿಕ್ಕಿತು ಎನ್ನುವ ಇನ್ಸೆಂಟಿವ್ ಇರುತ್ತದೆ. ತಿಂಗಳಿಗೆ ಕೈಗೆ ಬರುವುದೆಷ್ಟು? ಕೇಳಿದಿರಾ? ಇನ್ನು ಕೆಲವರು 'ಕೆಲಸ ಗ್ಯಾರಂಟಿ' ತರಬೇತಿಗೆ ಸಾಲ ಮಾಡಿ ಶುಲ್ಕ ಕಟ್ಟುತ್ತಾರೆ. ದುಡಿಯುವ ಮೊದಲೇ ಸಾಲಗಾರ!

ಬ್ಯಾಕ್ ಆಫೀಸಿನ ಕತೆ ಬೇರೆ. ಎ.ಸಿ. ಇದೆ, ಕ್ಯಾಬ್ ಇದೆ, ಹಲವೆಡೆ ಸಂಬಳವೂ ಚೆನ್ನಾಗಿದೆ. ಒಪ್ಪೋಣ. ಆದರೆ ನ್ಯೂಯಾರ್ಕಿನ ಗಡಿಯಾರಕ್ಕೆ ನಿದ್ದೆ ಕೆಟ್ಟು, ದಿನವೂ ಅದದೇ ಲೆಕ್ಕ ತಾಳೆ ನೋಡುವ ಕೆಲಸವನ್ನು ಈಗ ಯಂತ್ರಕ್ಕೆ ಕಲಿಸುತ್ತಿದ್ದಾರೆ. ಅಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಸಿ.ಎ., ಸಿ.ಎಂ.ಎ.ಯಂಥ ಓದು ಜೊತೆಗಿರಬೇಕು. ಬರೀ ಬಿ.ಕಾಂ. ನಂಬಿ ಕೂತರೆ ಕೂತಲ್ಲೇ ಕೂತಿರುತ್ತೀರಿ.

ಮೂಗು ಮುರಿಯುವ ಮುನ್ನ ಲೆಕ್ಕ ಹಾಕಿ

2024ರ ಮಾರ್ಚ್‌ನಲ್ಲಿ ಆದ ವೇತನ ಒಪ್ಪಂದದಂತೆ ಬ್ಯಾಂಕ್ ಗುಮಾಸ್ತರ ಆರಂಭದ ಮೂಲ ವೇತನ 24,050 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಯಾವುದೇ ಪದವಿ ಸಾಕು. ಸಂದರ್ಶನ ಇಲ್ಲ. ಒಂದೇ ರಾಜ್ಯಕ್ಕೆ ಅರ್ಜಿ, ಆ ರಾಜ್ಯದ ಹುದ್ದೆ. ಒಳಗೆ ಸೇರಿದ ಮೇಲೆ ಬಡ್ತಿ ಪರೀಕ್ಷೆ ಬರೆದು ಅಧಿಕಾರಿಯಾಗುವ ದಾರಿ ತೆರೆದಿದೆ. ನೇರ ಅಧಿಕಾರಿಯಾಗುವ ಪಿ.ಒ. ಹುದ್ದೆಗೆ ಮೂಲ ವೇತನ 48,480. ಆದರೆ ಭಾರತದ ಯಾವ ಮೂಲೆಗೆ ಕಳಿಸಿದರೂ ಹೋಗಬೇಕು.

ಕೌಂಟರು ಸುಖದ ಸುಪ್ಪತ್ತಿಗೆಯೇನಲ್ಲ. ಜನಜಂಗುಳಿ, ಸಿಬ್ಬಂದಿ ಕೊರತೆ ಎರಡೂ ಇವೆ, ವಿಮೆ ಮಾರುವ ಒತ್ತಡ ಅಲ್ಲಿಗೂ ಬಂದಿದೆ. ಪರೀಕ್ಷೆಯೂ ಕಠಿಣ. ಆದರೆ ಒಂದು ಮಾತು ನೆನಪಿಡಿ. ಗುಮಾಸ್ತ ಪರೀಕ್ಷೆಗೆ ವಯಸ್ಸು 20ರಿಂದ 28. ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಸೇಲ್ಸ್ ಕೆಲಸ ಮೂವತ್ತು ದಾಟಿದ ಮೇಲೂ ಸಿಗುತ್ತದೆ. ಈ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯದು. ಹಾಗಿರುವಾಗ ಯಾವುದನ್ನು ಮೊದಲು ಹಿಡಿಯಬೇಕು? ಹೇಳಿ!

ಫಲಕ ಹೋಯಿತು, ಕುರ್ಚಿ ಉಳಿದಿದೆ

ಬ್ಯಾಂಕ್ ಕಟ್ಟುವುದು ಈ ನಾಡಿಗೆ ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1913ರಲ್ಲಿ ಮೈಸೂರು ಬ್ಯಾಂಕ್, 1931ರಲ್ಲಿ ವಿಜಯಾ. ಮೈಸೂರು ಬ್ಯಾಂಕನ್ನು 2017ರಲ್ಲಿ ಸ್ಟೇಟ್ ಬ್ಯಾಂಕ್ ನುಂಗಿತು. 2019ರಲ್ಲಿ ವಿಜಯಾ ಬರೋಡಾದ ಪಾಲಾಯಿತು. 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನ ಪಾಲು. ಫಲಕಗಳು ಹೋದವು. ಕುರ್ಚಿಗಳು ಇನ್ನೂ ಇವೆ. ಅದರಲ್ಲಿ ಕೂರುವವರು ಯಾರು?

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ 'ಕನ್ನಡ ಮಾತಾಡುವುದಿಲ್ಲ' ಎಂಬ ದರ್ಪದ ಮಾತು ಕೇಳಿ ನಾಡೇ ಸಿಡಿದೆದ್ದಿತು. ವರ್ಗಾವಣೆಯೂ ಆಯಿತು. ಸರಿ. ಆದರೆ ಅಂದು ಕೂಗಿದ ಪದವೀಧರರಲ್ಲಿ ಎಷ್ಟು ಮಂದಿ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿದ್ದರು? ಯಾವ ರಾಜ್ಯದವರು ಬೇಕಾದರೂ ಕರ್ನಾಟಕದ ಗುಮಾಸ್ತ ಹುದ್ದೆಗೆ ಅರ್ಜಿ ಹಾಕಬಹುದು, ಕನ್ನಡ ಬರಬೇಕೆಂಬ ನಿಯಮವೊಂದೇ ನಮ್ಮ ಬೇಲಿ. ಕೇಂದ್ರದ ಉದ್ದಿಮೆಗಳ 'ಸಿ' ಮತ್ತು 'ಡಿ' ದರ್ಜೆ ಹುದ್ದೆಗಳೆಲ್ಲ ಕನ್ನಡಿಗರಿಗೇ ಎಂದು ಸರೋಜಿನಿ ಮಹಿಷಿ ವರದಿ 1986ರಲ್ಲೇ ಹೇಳಿತ್ತು. ಆ ಹುದ್ದೆಗಳನ್ನೇ ನಾವು ಕೀಳೆಂದು ಬಿಟ್ಟುಕೊಟ್ಟರೆ ವರದಿ ಏನು ಮಾಡೀತು?

ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸುವುದಾಗಿ ಕೇಂದ್ರ 2019ರಲ್ಲಿ ಒಪ್ಪಿತು. 2021ರಲ್ಲಿ ಗುಮಾಸ್ತ ಪರೀಕ್ಷೆಗೂ ಒಪ್ಪಿತು. ಇಂಗ್ಲಿಷ್ ವಿಭಾಗವೊಂದನ್ನು ಬಿಟ್ಟರೆ ತರ್ಕ, ಗಣಿತದ ಪ್ರಶ್ನೆಗಳನ್ನು ಕನ್ನಡದಲ್ಲೇ ಓದಿ ಉತ್ತರಿಸಬಹುದು. ಹೋರಾಡಿ ಪಡೆದ ಈ ಹಕ್ಕನ್ನು ಬಳಸುವವರು ಬೇಡವೇ? ಪಿ.ಒ. ಪರೀಕ್ಷೆ ಮಾತ್ರ 2025ರಲ್ಲೂ ಇಂಗ್ಲಿಷ್, ಹಿಂದಿಯಲ್ಲೇ ನಡೆಯಿತು. ಹಿಂದಿಯವನಿಗೆ ಅವನ ತಾಯ್ನುಡಿ, ನಮಗೆ ಯಾಕಿಲ್ಲ? ಈ ಹೋರಾಟ ಬಾಕಿಯಿದೆ.

ಈಗ ಮಾಡಬೇಕಾದ್ದು ಇಷ್ಟು. ಪದವಿ ಮುಗಿದ ಮೇಲೆ ಎರಡು ವರ್ಷವನ್ನು ಈ ಪರೀಕ್ಷೆಗಳಿಗೆ ಮೀಸಲಿಡಿ. ಮನೆಯ ಕಷ್ಟಕ್ಕೆ ಬೇರೆ ಕೆಲಸ ಹಿಡಿದರೂ ಅರ್ಜಿ ಹಾಕುವುದನ್ನು ಬಿಡಬೇಡಿ. 'ಕಸ್ಟಮರ್ ಸರ್ವೀಸ್ ಅಸೋಸಿಯೇಟ್' ಎಂಬ ಹೊಸ ಹೆಸರಿನಲ್ಲಿ ಬರುವ ಪ್ರಕಟಣೆ ಗುಮಾಸ್ತ ಹುದ್ದೆಯದೇ. 2025ರ ಮೇ 1ರಂದು ಎರಡು ಬ್ಯಾಂಕು ಸೇರಿ ಒಂದಾದ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕನ್ನೂ ಗಮನದಲ್ಲಿಡಿ. ರಾಜ್ಯ ಎಂಬಲ್ಲಿ ಕರ್ನಾಟಕ, ಮಾಧ್ಯಮ ಎಂಬಲ್ಲಿ ಕನ್ನಡ ಎಂದು ತುಂಬಿ. ಪಿಂಚಣಿ ಬಂತೇ ಎಂದು ಕೇಳಲು ಬರುವ ಹಳ್ಳಿಯ ಅಜ್ಜಿಗೆ ಕನ್ನಡದಲ್ಲಿ ಉತ್ತರ ಕೊಡುವ ಕುರ್ಚಿ ಅದು. ನೀವು ಕೂರದಿದ್ದರೆ ಇನ್ನೊಬ್ಬರು ಕೂರುತ್ತಾರೆ. ಆಮೇಲೆ ಕೂಗಿ ಫಲವಿಲ್ಲ!