ಆರು ವರ್ಷ ತುಂಬುವ ತನಕ ಕಾಯತಕ್ಕದ್ದೇ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿಯೂ ಉಪಾಧ್ಯಾಯಿನಿಯರಾಗಿಯೂ ಅಂಗನವಾಡಿಗಳ ಕಾರ್ಯಕರ್ತೆಯರಾಗಿಯೂ ಇದ್ದಾರೆ. ಆದುದರಿಂದ ಅವರೊಡನೆಯೂ ನಮ್ಮ ಮಕ್ಕಳ ತಾಯ್ತಂದೆಗಳೊಡನೆಯೂ ಒಂದು ವಿಷಯವನ್ನು ವಿಚಾರಿಸಬಯಸುತ್ತೇವೆ. ಕಿವಿ ಕೇಳದ, ಕಣ್ಣು ಕಾಣದ, ನಡೆಯಲಾರದ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾದ ಶಿಶುವನ್ನು ಎಲ್ಲಿಗೆ, ಯಾವಾಗ ಕಲಿಯಲು ಕಳುಹಿಸತಕ್ಕದ್ದು ಎಂಬುದೇ ಆ ವಿಷಯ.

“ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ” ಎಂಬ ಮಾತು ಮನೆಮನೆಗಳಲ್ಲಿ ಕೇಳಬರುತ್ತದೆ. ಶಾಸನಗಳೂ ಈ ಮಾತಿಗೆ ಎಡೆಗೊಟ್ಟಂತಿವೆ. 2009ರ ಶಿಕ್ಷಣದ ಹಕ್ಕಿನ ಶಾಸನವು 6ರಿಂದ 14 ವರ್ಷದವರೆಗೂ, ಅಂಗವಿಕಲರ ಹಕ್ಕುಗಳ 2016ರ ಶಾಸನವು 6ರಿಂದ 18ರವರೆಗೂ ಉಚಿತ ಶಿಕ್ಷಣದ ಮಾತನ್ನಾಡುತ್ತವೆ. ಆದರೆ ಮಾತು, ನಡೆ, ಒಡನಾಟ ಇವೆಲ್ಲಕ್ಕೂ ಅಸ್ತಿಭಾರ ಬೀಳುವುದು ಆರು ವರ್ಷಕ್ಕೆ ಮುಂಚೆಯೇ. ಕಿವುಡುತನವನ್ನು ಬೇಗನೆ ಗುರುತಿಸದಿದ್ದರೆ ಶಿಶುವು ಭಾಷೆಯನ್ನು ಕಲಿಯುವ ಉತ್ತಮ ಕಾಲವೇ ಕಳೆದುಹೋಗುತ್ತದೆ.

ಇಂದು ಮೂರು ದಾರಿಗಳಿವೆ. ಮೊದಲನೆಯದು ಚಿಕಿತ್ಸೆಯ ದಾರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ 2 ಸಲ ಪರೀಕ್ಷಿಸಿ, ಅವಶ್ಯವಿದ್ದವರನ್ನು ಜಿಲ್ಲೆಯ ಕೇಂದ್ರಕ್ಕೆ ಕಳುಹಿಸುವ ಏರ್ಪಾಡಿದೆ. ಎರಡನೆಯದು ವಿಶೇಷ ಶಿಶುಶಾಲೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅಂಥ ಶಿಶುಶಾಲೆಯನ್ನು ನಡೆಸುತ್ತದೆ. ಮೂರನೆಯದು ಊರ ಮಕ್ಕಳೆಲ್ಲರೂ ಹೋಗುವ ಅಂಗನವಾಡಿ ಅಥವಾ ಶಿಶುವಿಹಾರ. ಮೊದಲಿನ ಎರಡನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕೆಲವು ಮಕ್ಕಳಿಗೆ ಅವು ಅತ್ಯವಶ್ಯ. ಆದರೂ ಮೂರನೆಯ ವರ್ಷದಿಂದಲೇ ಓರಗೆಯ ಮಕ್ಕಳ ನಡುವೆ ಒಂದು ಸ್ಥಳವು ಪ್ರತಿ ಶಿಶುವಿಗೂ ಸಲ್ಲಬೇಕೆಂದೂ, ಉಳಿದೆರಡು ಅದಕ್ಕೆ ಸಹಾಯಕವಾಗಿರಬೇಕೆಂದೂ ನಮ್ಮ ದೃಢವಾದ ಅಭಿಪ್ರಾಯ.

ಇಂಥ ಮಗು ಪಕ್ಕದಲ್ಲಿ ಕುಳಿತರೆ ತಮ್ಮ ಮಗುವಿನ ಕಲಿಕೆ ಕುಂಠಿತವಾದೀತೆಂದು ಕೆಲವು ತಾಯ್ತಂದೆಗಳು ಅಂಜುತ್ತಾರೆ. ಅವರು ಮೆಚ್ಚಿ ಹಣ ತೆತ್ತು ಸೇರಿಸುವ ಮಾಂಟೆಸ್ಸರಿ ಶಾಲೆಯ ಮೂಲವನ್ನು ಸ್ಮರಿಸಲಿ. ಡಾಕ್ಟರ್ ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮಿನಲ್ಲಿ ತಮ್ಮ ಮೊದಲನೆಯ ಶಿಶುಗೃಹವನ್ನು ತೆರೆಯುವುದಕ್ಕೆ ಮುಂಚೆ, ಬುದ್ಧಿಮಾಂದ್ಯವುಳ್ಳ ಮಕ್ಕಳಿಗೆ ಕಲಿಸುತ್ತಿದ್ದರು. ಅಕ್ಷರವನ್ನು ಬೆರಳಿನಿಂದ ಮುಟ್ಟಿ ಅರಿಯುವ ಕ್ರಮವು ಆ ಮಕ್ಕಳ ನಡುವೆ ರೂಪುಗೊಂಡು, ಬಳಿಕ ಸಕಲ ಮಕ್ಕಳಿಗೂ ಉಪಯುಕ್ತವಾಯಿತು. ನಿಧಾನವಾಗಿ ಕಲಿಯುವವನಿಗೋಸ್ಕರ ಉಪಾಧ್ಯಾಯಿನಿಯು ಹುಡುಕಿದ ಉಪಾಯದಿಂದ ಚುರುಕಾದವನಿಗೆ ನಷ್ಟವೇನೂ ಇಲ್ಲ.

ಇನ್ನೊಂದು ಆಕ್ಷೇಪಣೆಯು ಹೆಚ್ಚು ನ್ಯಾಯವಾದದ್ದು. ಅಡಿಗೆ, ತೂಕ, ಲೆಕ್ಕದ ಪುಸ್ತಕ ಇವೆಲ್ಲವನ್ನು ಹೊತ್ತಿರುವ ಕಾರ್ಯಕರ್ತೆಯು ಈ ಮಗುವನ್ನೂ ಹೇಗೆ ನೋಡಿಕೊಂಡಾಳು? ಅಂಗವಿಕಲ ಮಕ್ಕಳಿಗಾಗಿ ಕೇಂದ್ರ ಸರಕಾರವು 2023ರಲ್ಲಿ ಅಂಗನವಾಡಿಗಳಿಗೆ ಕಾರ್ಯಸೂಚಿಯೊಂದನ್ನು ಹೊರಡಿಸಿತು. ಅದು ಸಫಲವಾಗಬೇಕಾದರೆ ಆಕೆಗೆ ತರಬೇತು ಬೇಕು, ನೆರವಿನ ಕೈ ಬೇಕು, ಬಾಗಿಲಲ್ಲಿ ಮೆಟ್ಟಿಲಿನ ಜೊತೆಗೆ ಇಳಿಜಾರೂ ಬೇಕು. ಇವಿಲ್ಲದೆ ಮಗುವನ್ನು ಮೂಲೆಯ ಚಾಪೆಯ ಮೇಲೆ ಕುಳ್ಳಿರಿಸಿ ಹಾಜರಿ ಹಾಕಿದರೆ ಅದನ್ನು ಶಿಕ್ಷಣವೆಂದು ನಾವು ಒಪ್ಪುವುದಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಬೀದಿಯಲ್ಲಿ ಇಂಥ ಶಿಶುವೊಂದು ನಾಚಿಕೆಯ ದೆಸೆಯಿಂದ ಮನೆಯೊಳಗೇ ಉಳಿದಿದ್ದರೆ ಅದರ ತಾಯಿಯನ್ನು ಕಂಡು ಮಾತನಾಡಿರಿ. ಪರೀಕ್ಷೆಯ ದಿನ ಅವಳ ಜೊತೆಯಲ್ಲಿ ಹೋಗಿರಿ. ತಾಯ್ತಂದೆಗಳೇ, ನಿಮ್ಮ ಮಗುವಿನ ಪಕ್ಕದಲ್ಲಿ ಅದಕ್ಕೆ ಸ್ಥಳ ಕೊಡಿರಿ. ಮುಂದೆ ಆ ಮಗುವು ನಮ್ಮ ಪ್ರೌಢಶಾಲೆಯ ಬಾಗಿಲಿಗೆ ಬಂದಾಗ ಓದುಬರಹ ಬಲ್ಲ, ಗೆಳತಿಯರುಳ್ಳ ಹುಡುಗಿಯಾಗಿ ಬರಬೇಕೆಂಬುದು ನಮ್ಮ ಆಶೆ.