ಮನೆವಾರ್ತೆ: ಪಾಠಶಾಲೆಯೋ, ಕಂಪೆನಿಯೋ?

ಬೆಂಗಳೂರಿನ ಜಯನಗರದಿಂದ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರು ಖಾಸಗಿ ಭಾಷಾಶಾಲೆಯೊಂದರಲ್ಲಿ ನಾಲ್ಕು ವರ್ಷ ಎರಡು ತಿಂಗಳಿಂದ ಇಂಗ್ಲಿಷ್ ಕಲಿಸುತ್ತಿರುವ ಕಾಯಂ ಉಪಾಧ್ಯಾಯಿನಿ. ತಿಂಗಳ ಸಂಬಳ 32,000 ರೂಪಾಯಿ. ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಯೊಂದು ತನ್ನ ನೌಕರರಿಗೆ ಪಾಠ ಹೇಳಲು ಗಂಟೆಗೆ 1,200 ರೂಪಾಯಿ ಕೊಡುವುದಾಗಿ ಕರೆದಿದೆಯಂತೆ. “ವಾರಕ್ಕೆ 20 ಗಂಟೆ ಹಿಡಿದರೂ ತಿಂಗಳಿಗೆ 96,000 ಆಗುವುದು. ಯಜಮಾನರು ಕೂಡಲೇ ರಾಜೀನಾಮೆ ಕೊಡೆನ್ನುವರು. ಅತ್ತೆಯವರು ಹಿಡಿದ ಕೆಲಸ ಬಿಡಬೇಡವೆನ್ನುವರು. ನಾನೇನು ಮಾಡಲಿ?” ಎಂದು ಕೇಳಿರುವರು.

ವಿದ್ಯೆ ಹೇಳುವವರು ಹಣವನ್ನೆಣಿಸಬಾರದೆಂದು ಉಪದೇಶಿಸುವವರು ಉಂಟು. ಅಂಥವರು ಉಪಾಧ್ಯಾಯಿನಿಯ ಮನೆಯ ದಿನಸಿ ಚೀಟಿಯನ್ನು ಕಂಡವರಲ್ಲ. ಹೆಚ್ಚು ಸಂಪಾದಿಸಬೇಕೆಂಬ ಆಸೆಯಲ್ಲಿ ದೋಷವೇನೂ ಇಲ್ಲ. ಆದರೆ ಲೆಕ್ಕವು ಸರಿಯಾಗಿರತಕ್ಕದ್ದು.

ಸೋದರಿಯವರ ಲೆಕ್ಕದಂತೆ ವರ್ಷಕ್ಕೆ 11,52,000 ರೂಪಾಯಿ. ಕಂಪೆನಿಯ ಪಾಠವು ವರ್ಷವಿಡೀ ನಡೆಯುವುದಿಲ್ಲ. ಹಬ್ಬಹುಣ್ಣಿಮೆಗಳಿಗೆ ರಜೆ, ಕೆಲಸದ ಒತ್ತಡ ಬಂದಾಗ ಮೊದಲು ನಿಲ್ಲುವುದು ಇಂಗ್ಲಿಷ್ ಪಾಠವೇ, ಒಂದು ತಂಡ ಮುಗಿದು ಇನ್ನೊಂದು ಕೂಡುವವರೆಗೆ ಬಿಡುವು. ಆದುದರಿಂದ ವರ್ಷಕ್ಕೆ 36 ವಾರ, ವಾರಕ್ಕೆ 12 ಗಂಟೆಯೆಂದಿಟ್ಟುಕೊಳ್ಳೋಣ. ಆಗ ಬರುವುದು 5,18,400 ರೂಪಾಯಿ. ಅತ್ತ ಶಾಲೆಯ ಸಂಬಳ 3,84,000, ಮೂಲವೇತನ 26,000ದ ಮೇಲೆ ಶೇಕಡಾ 12ರಂತೆ ಶಾಲೆಯು ಭವಿಷ್ಯನಿಧಿಗೆ ಕಟ್ಟುವುದು 37,440, ಒಟ್ಟು 4,21,440. ಅಂತರವು 96,960. ಸೋದರಿಯವರು ತಿಂಗಳಿಗೆಂದು ಎಣಿಸಿದ ಮೊತ್ತವು ವರ್ಷದ ಲಾಭವಾಗಿ ನಿಂತಿತು! 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ವರೆಗೆ ಮೆಟ್ರೋ ಓಡುತ್ತಿರುವುದರಿಂದ ಪ್ರಯಾಣವೇನೋ ಸುಲಭವಾಗಿದೆ. ಆದರೂ ಅದರ ಖರ್ಚನ್ನೂ ಹೊತ್ತನ್ನೂ ಇದರಲ್ಲಿಯೇ ಕಳೆಯಬೇಕು. ಕಂಪೆನಿಯು ಶುಲ್ಕದಲ್ಲಿ ಶೇಕಡಾ 10ನ್ನು ತೆರಿಗೆಗಾಗಿ ಮುಂಗಡವೇ ಹಿಡಿಯುವುದು. ವರ್ಷಾಂತ್ಯದಲ್ಲಿ ಆದಾಯದ ವಿವರವನ್ನು ಸಲ್ಲಿಸಿದ ಮೇಲಷ್ಟೇ ಹೆಚ್ಚಿಗೆ ಹಿಡಿದುದು ಹಿಂದಕ್ಕೆ ಬರುವುದು.

ಇನ್ನು ಪಾಠದ ವಿಷಯ. ತಮ್ಮ ಸಂಜೆಯ ತರಗತಿಯಲ್ಲಿ ಅಮೆರಿಕದ ಮೊಮ್ಮಗಳೊಡನೆ ಮಾತನಾಡಲು ಕಲಿಯುತ್ತಿರುವ ಅಜ್ಜಿಯೊಬ್ಬರಿರುವರೆಂದು ಸೋದರಿಯವರು ಬರೆದಿರುವರು. ಅವರು ತಾವಾಗಿಯೇ ಬಂದವರು. ಕಂಪೆನಿಯಲ್ಲಿ ಕೂರುವವರು ಬಹುಮಟ್ಟಿಗೆ ಮೇಲಧಿಕಾರಿ ಕಳುಹಿಸಿದವರು. ಅವರಿಗೆ ಬೇಕಾದುದು ಪತ್ರವ್ಯವಹಾರ, ದೂರವಾಣಿ, ಸಭೆಗಳ ಮಾತು. ಇದೂ ಗೌರವದ ಕೆಲಸವೇ. ಆದರೆ ಯೂರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲುಗಳ ಭಾಷಾಮಾನವನ್ನು ಸೋದರಿಯವರು ಬಲ್ಲರು. ಅದರ ಮಧ್ಯದ ಒಂದು ಮೆಟ್ಟಿಲನ್ನು ಏರಲು ಸುಮಾರು 150ರಿಂದ 200 ಗಂಟೆಗಳ ಪಾಠ ಬೇಕೆಂಬುದು ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಸ್ಥೂಲವಾದ ಅಂದಾಜು. ಕಂಪೆನಿಯು ಕೊಡುವುದು ತಂಡಕ್ಕೆ 30 ಗಂಟೆ. ಅಷ್ಟರಲ್ಲಿ ಆಗುವುದನ್ನು ಮಾತ್ರ ಒಪ್ಪಿಕೊಳ್ಳತಕ್ಕದ್ದು. ಆಗದುದನ್ನು ಆಗುವುದೆಂದು ಬರೆದುಕೊಟ್ಟರೆ ಅಪಕೀರ್ತಿಯು ಕಲಿಸಿದವರದೇ.

ಪತ್ರದಲ್ಲಿ ಸೋದರಿಯವರು ಗಮನಿಸದ ಸಂಗತಿಯೊಂದಿದೆ. 10 ಮಂದಿಗೆ ಕಡಮೆಯಿಲ್ಲದ ನೌಕರರುಳ್ಳ ಸಂಸ್ಥೆಯಲ್ಲಿ ಕಾಯಂ ನೌಕರರು ಐದು ವರ್ಷ ಎಡೆಬಿಡದೆ ಸೇವೆ ಸಲ್ಲಿಸಿದರೆ, ವರ್ಷಕ್ಕೆ 15 ದಿನಗಳ ವೇತನದಂತೆ ಗ್ರಾಚ್ಯುಟಿ ಸಲ್ಲತಕ್ಕದ್ದು. ತಿಂಗಳಿಗೆ 26 ದಿನಗಳೆಂದೆಣಿಸುವುದು ಕ್ರಮವಾದುದರಿಂದ ಇವರಿಗೆ ವರ್ಷಕ್ಕೆ 15,000ದಂತೆ 75,000 ರೂಪಾಯಿ ಬರಬೇಕು. ಇಂದೇ ಬಿಟ್ಟರೆ ಅದು ಕೈತಪ್ಪುವುದು. ಉಳಿದಿರುವುದು ಹತ್ತೇ ತಿಂಗಳು.

ಆದುದರಿಂದ ನಮ್ಮ ಅಭಿಪ್ರಾಯವಿದು. ಸೋದರಿಯವರು ಈಗ ರಾಜೀನಾಮೆ ಕೊಡುವುದು ಬೇಡ. ಕಂಪೆನಿಗೆ ಇಲ್ಲವೆಂದು ಹೇಳುವುದೂ ಬೇಡ. ಶಾಲೆಯ ಪಾಠವು ಸಂಜೆಯದಾದುದರಿಂದ ವಾರಕ್ಕೆರಡು ಬೆಳಗ್ಗೆ ಕಂಪೆನಿಯ ಒಂದು ತಂಡವನ್ನು ತೆಗೆದುಕೊಳ್ಳಲಿ. ನೇಮಕದ ಪತ್ರದಲ್ಲಿ ಹೊರಗಿನ ಕೆಲಸಕ್ಕೆ ನಿಷೇಧವುಂಟೋ ನೋಡಿ, ಶಾಲೆಯ ಒಪ್ಪಿಗೆಯನ್ನು ಬರೆವಣಿಗೆಯಲ್ಲಿ ಪಡೆಯಲಿ. ಮರೆಯಲ್ಲಿ ಮಾಡುವುದು ಸಲ್ಲದು. ಕಂಪೆನಿಯ ಕರಾರಿನಲ್ಲಿ ಮೂರು ಮಾತುಗಳಿರಲಿ: ಹಿಂದಿನ ದಿನ ತಿಳಿಸದೆ ಪಾಠವನ್ನು ನಿಲ್ಲಿಸಿದರೆ ಪೂರ್ತಿ ಶುಲ್ಕ, ತಿಂಗಳಿಗೆ ಇಂತಿಷ್ಟು ಗಂಟೆಗಳ ಭರವಸೆ, ಹಣ ಸಲ್ಲಬೇಕಾದ ಗೊತ್ತಾದ ದಿನ. ಪ್ರತಿ ವಾರ ನಿಜವಾಗಿ ನಡೆದ ಗಂಟೆಗಳನ್ನೂ, ಸಿದ್ಧತೆಗೆ ಹಿಡಿದ ಹೊತ್ತನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಬಂದ ಹಣವನ್ನು ಮುಟ್ಟದೆ ಕೂಡಿಹಾಕಲಿ.

ಹತ್ತು ತಿಂಗಳಾದ ಮೇಲೆ ಯಜಮಾನರನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಆ ಪುಸ್ತಕವನ್ನು ತೆರೆಯಲಿ. ಆರು ತಿಂಗಳ ಮನೆಖರ್ಚಿಗೆ ಹಣವು ಕೂಡಿದ್ದು, ಬೆಳಗಿನ ಪಾಠದಲ್ಲಿ ಮನಸ್ಸೂ ನಿಂತಿದ್ದರೆ ಧಾರಾಳವಾಗಿ ಹೊರಡಲಿ. ಆಗ ಮಾಡಿದ ನಿಷ್ಕರ್ಷೆಯು ಗಂಡನದೂ ಅಲ್ಲ, ಅತ್ತೆಯದೂ ಅಲ್ಲ, ದುಡಿಯುವವರದೇ ಆಗಿರುವುದು.